ಮಗ್ಗ ನಿಂತ ದಿನದ ಗಟ್ಟಿ ಮಾತು

ಕರೆಂಟು ಹೋದರೆ ಮನೆಮಂದಿಯೆಲ್ಲ ಹತ್ತಿರವಾಗುತ್ತಾರೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಇನ್ವರ್ಟರ್ ಇರುತ್ತದೆ. ಟೀವಿ ಆರಿತಂತೆ, ಎಲ್ಲರೂ ಜಗಲಿಗೆ ಬಂದು ಕೂತರಂತೆ, ಅಜ್ಜಿ ಕತೆ ಹೇಳಿದಳಂತೆ. ಇದನ್ನೆಲ್ಲ ಕರೆಂಟು ಬಂದ ಮೇಲೆ ಫ್ಯಾನಿನ ಕೆಳಗೆ ಕೂತು ಬರೆದಿರುತ್ತಾರೆ ಎನ್ನುವುದು ನನ್ನ ವಾದ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಯಾರಾದರೂ ಪುರಾವೆಯಿಲ್ಲದ ಮಾತನ್ನು ಮುದ್ದಾಗಿ ಹೇಳಿದರೆ ನನ್ನ ಕೈ ತಾನಾಗಿ ಮೈಕಿನ ಕಡೆ ಹೋಗುತ್ತದೆ. ಈಗ ಮೈಕೂ ಇಲ್ಲ, ಎದುರು ಪಕ್ಷವೂ ಇಲ್ಲ. ಆದ್ದರಿಂದ ನಿಮ್ಮ ಜೊತೆ ವಾದಿಸುತ್ತಿದ್ದೇನೆ.

ಚಿತ್ರದುರ್ಗದಿಂದ ತಮಿಳುನಾಡಿನ ಅವಿನಾಶಿ ಎಂಬ ಊರಿಗೆ ಸೊಸೆಯಾಗಿ ಬಂದು ಇದು ಎರಡನೆಯ ವರ್ಷ. ಗಂಡನ ಮನೆಯವರೂ ಕನ್ನಡದವರೇ. ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದು ನೆಲೆನಿಂತ ನೇಕಾರರು. "ಕನ್ನಡದ ಮನೆ ಕಣೇ, ಪರದೇಶ ಅನ್ನಿಸೋದಿಲ್ಲ" ಎಂದು ನಮ್ಮಮ್ಮ ಧೈರ್ಯ ಹೇಳಿ ಕಳಿಸಿದ್ದಳು. ಇಲ್ಲಿಯ ಕನ್ನಡ ತಮಿಳಿನ ರಾಗದಲ್ಲಿ ಹೊರಡುತ್ತದೆ, ಅರ್ಧ ದಾರಿಯಲ್ಲಿ ತಮಿಳೇ ಆಗಿಬಿಡುತ್ತದೆ. ಅದಕ್ಕೆ ಹೇಗೋ ಒಗ್ಗಿಕೊಂಡೆ. ಒಗ್ಗದೇ ಉಳಿದದ್ದು ಸದ್ದು.

ಮನೆಯ ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳಿವೆ. ಇವರು ತಮಿಳಿನವರ ಹಾಗೆ 'ತರಿ' ಎನ್ನುತ್ತಾರೆ. ತರಿ ಓಡುವಾಗ ಮನೆಯ ಗೋಡೆಗಳೂ ಸಣ್ಣಗೆ ಓಡುತ್ತಿರುತ್ತವೆ. ಆ ಸದ್ದಿನಲ್ಲಿ ಮಾತು ನಡೆಯುವುದಿಲ್ಲವಾದ್ದರಿಂದ ಮನೆಯ ವ್ಯವಹಾರವೆಲ್ಲ ಕೈಯಲ್ಲಿ. ಹೆಬ್ಬೆರಳು ಬಾಯಿಯ ಕಡೆ ಹೋದರೆ ಚಹಾ, ಅಂಗೈ ಮಗುಚಿದರೆ ನೂಲು ಮುಗಿಯಿತು, ಹುಬ್ಬು ಹಾರಿದರೆ ಊಟ ಆಯಿತಾ. ಬಹಳ ಚೊಕ್ಕ ಭಾಷೆ, ಒಪ್ಪುತ್ತೇನೆ. ಆದರೆ "ನಿಮ್ಮ ವಾದದ ಎರಡನೆಯ ಅಂಶವನ್ನು ನಾನು ವಿರೋಧಿಸುತ್ತೇನೆ" ಎನ್ನುವುದಕ್ಕೆ ಅದರಲ್ಲಿ ಸನ್ನೆಯಿಲ್ಲ. ಮನುಷ್ಯರು ಮೊದಲು ಕೈಯಲ್ಲೇ ಮಾತಾಡುತ್ತಿದ್ದರು, ನಾಲಿಗೆ ಆಮೇಲೆ ಬಂತು ಎಂದು ವಾದಿಸುವ ಪಂಡಿತರಿದ್ದಾರೆ. ಇರಬಹುದು. ನಾಲಿಗೆ ಬಂದ ಮೇಲೂ ಕೈಯಲ್ಲೇ ಕಾಲ ಹಾಕಬೇಕಾದವಳ ಕಷ್ಟವನ್ನು ಅವರು ಯೋಚಿಸಿದಂತಿಲ್ಲ.

ಹಾಗಾಗಿ ತಿಂಗಳಿಗೊಮ್ಮೆ ಬರುವ 'ಶಟ್‌ಡೌನ್' ದಿನಕ್ಕೆ ನಾನು ಕಾಯುತ್ತಿದ್ದೆ. ತಂತಿ ರಿಪೇರಿಗೆಂದು ಬೆಳಗ್ಗೆ ಹೋದ ಕರೆಂಟು ಸಂಜೆಗೇ ಬರುವುದು. ಯಾವ ಊರಿಗೆ ಯಾವತ್ತು ಎಂದು ಹಿಂದಿನ ದಿನವೇ ಪೇಪರಿನಲ್ಲಿ ಹಾಕಿರುತ್ತಾರೆ. ಅತ್ತೆ ನಸುಕಿನಲ್ಲೇ ಮೋಟರು ಹಾಕಿ ಹಂಡೆ, ಕೊಡ, ಕೊನೆಗೆ ಇಡ್ಲಿ ಪಾತ್ರೆಗೂ ನೀರು ತುಂಬಿಸುತ್ತಾರೆ. ಹಿಟ್ಟು ಹಿಂದಿನ ದಿನವೇ ರುಬ್ಬಿಟ್ಟಾಗಿರುತ್ತದೆ. ಮಿಕ್ಸಿ ಬೇಡದ ಅಡುಗೆಯೆಂದು ಅಕ್ಕಿ, ತೊಗರಿಬೇಳೆ, ಬೆಳ್ಳುಳ್ಳಿ ಒಟ್ಟಿಗೆ ಬೇಯಿಸಿದ ಅರಿಸಿ ಪರುಪ್ಪು ಸಾದ. ಬೀದಿಯ ಮಗ್ಗಗಳೆಲ್ಲ ನಿಂತು, ಮಂದಿಯೆಲ್ಲ ಜಗಲಿಗೆ ಬಂದು, ಪಗಡೆಯ ದಾಯ ಉರುಳಿಸುತ್ತ ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಕೂರುತ್ತಾರೆ. ನನ್ನ ಗಂಡ ಸೆಂದಿಲ್ ಮಾತ್ರ ಇರುವುದಿಲ್ಲ. ತಿರುಪ್ಪೂರಿನ ಅವನ ಬನಿಯನ್ ಕಂಪನಿಯಲ್ಲಿ ಜನರೇಟರ್ ಇದೆ.

ನೋಡಿ, ನಾವು ಹೇಳಿದ ಹಾಗೇ ಆಯಿತಲ್ಲ, ಎಲ್ಲರೂ ಹತ್ತಿರ ಬಂದರಲ್ಲ ಎನ್ನಬೇಡಿ. ಬಂದವರು ಆಗಲೇ ಹತ್ತಿರದವರು. ನಾನು ಅವರ ನಡುವೆ ಕೂತು, ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುತ್ತೇನೆ. ಜೊತೆಗೆ ಇವರ ಗಂಟಲಿಗೆ ಸದ್ದು ನಿಂತದ್ದು ಗೊತ್ತೇ ಆಗುವುದಿಲ್ಲ. ಉಪ್ಪು ಕೇಳುವುದನ್ನೂ ಆಚೆ ಊರಿಗೆ ಕೇಳಿಸುವ ಹಾಗೆ ಕೇಳುತ್ತಾರೆ. ಅತ್ತೆಗೆ ನಿಶ್ಶಬ್ದಕ್ಕೆ ತಲೆನೋವು ಬರುತ್ತದೆ. ಹಣೆಗೆ ತೈಲ ಹಚ್ಚಿಕೊಂಡು ಓಡಾಡುತ್ತಾರೆ. ಮಾವನಿಗೆ ಮಗ್ಗ ಕಿವಿಯನ್ನು ಬಹುಪಾಲು ತಿಂದುಹಾಕಿದೆಯಾದ್ದರಿಂದ ಎಲ್ಲ ದಿನವೂ ಒಂದೇ.

ಈ ಮನೆಯಲ್ಲಿ ಗುಟ್ಟು ಹೇಳಲಿಕ್ಕೆ ಒಂದು ಜಾಗವಿದೆ: ಶೆಡ್ಡಿನಲ್ಲಿ ಎರಡು ಮಗ್ಗಗಳ ನಡುವಿನ ಸಂದು. ಅಲ್ಲಿ ಎಷ್ಟು ಕೂಗಿದರೂ ಆಚೆ ಕೇಳುವುದಿಲ್ಲ. ಸದ್ದನ್ನು ಗೋಡೆ ಮಾಡಿಕೊಳ್ಳುವುದನ್ನು ನಾನೂ ಇವರಿಂದಲೇ ಕಲಿತೆ. ತರಿ ಓಡುವಾಗ ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಮ್ಮಮ್ಮನಿಗೆ ಫೋನು ಮಾಡುತ್ತಿದ್ದೆ. ಕೊಯಮತ್ತೂರಿನಲ್ಲಿ (ಇವರ ಬಾಯಲ್ಲಿ ಕೋವೈ) ನನಗೆ ಕೆಲಸ ಸಿಗುವ ಹಾಗಿದೆ, ಪೋತ್ತನೂರಿನ ಹತ್ತಿರ ಫ್ಲ್ಯಾಟು ನೋಡಿದ್ದೇವೆ, ಅಲ್ಲಿ ಲಿಫ್ಟಿಗೂ ಜನರೇಟರ್ ಇದೆ, ಅತ್ತೆಗೆ ಇನ್ನೂ ಹೇಳಿಲ್ಲ ಎಂದೆಲ್ಲ ಅಲ್ಲೇ ಹೇಳಿದ್ದು. ಸಮಯ ನೋಡಿ ಹೇಳೋಣ ಎಂದು ಸೆಂದಿಲ್ ಮುಂದೂಡುತ್ತಲೇ ಇದ್ದ.

ಕಳೆದ ಶಟ್‌ಡೌನ್ ದಿನ ಅತ್ತೆ ಅಭ್ಯಾಸಬಲದಿಂದ ಫೋನು ಹಿಡಿದು ಅದೇ ಸಂದಿಗೆ ಹೋದರು. ಉಡುಮಲೈಯಲ್ಲಿರುವ ಅಕ್ಕನ ಹತ್ತಿರ, ಮಗ್ಗ ಓಡುವ ದಿನದ ದನಿಯಲ್ಲೇ ಮಾತಿಗಿಳಿದರು. ನಾನು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದೆ.

"ಕೋವೈಲಿ ಮನೆ ನೋಡ್ತಾ ಅವ್ರೆ ಅಕ್ಕಾ. ನನ್ನ ಹತ್ರ ಯಾರೂ ಹೇಳ್ಲಿಲ್ಲ. ತರಿ ಓಡ್ತಾ ಇರಬೇಕಾದ್ರೆ ಅವರಮ್ಮನ ಜೊತೆ ಫೋನಲ್ಲಿ ಮಾತಾಡ್ತಿದ್ಲು, ಬಾಯಿ ನೋಡೇ ತಿಳ್ಕೊಂಡೆ."

ಜೀವಮಾನವಿಡೀ ಮಗ್ಗದ ಸದ್ದಿನಲ್ಲಿ ಬದುಕಿದವರು ತುಟಿ ಓದುತ್ತಾರೆ ಎನ್ನುವುದು ವಾದದ ಮೊದಲ ಮೆಟ್ಟಿಲಲ್ಲೇ ನನಗೆ ಹೊಳೆಯಬೇಕಿತ್ತು. ಜಗಲಿಯ ಕಡೆ ದಾಯದ ಸದ್ದು ನಿಂತಿತು. ಇಡೀ ಬೀದಿ ಕೇಳುತ್ತಿತ್ತು. ಅತ್ತ ಅಕ್ಕ, ತಡೆದು ನಿಲ್ಲಿಸು ಎಂದಿರಬೇಕು.

"ಹೋಗ್ಬೇಡ ಅಂತ ನಾ ಹೆಂಗೆ ಹೇಳೋದು? ಹೇಳಿದ್ರೆ ಯಾಕೆ ಅಂತ ಕೇಳ್ತಾಳೆ. ನ್ಯಾಯವಾಗೇ ಕೇಳ್ತಾಳೆ, ಓದಿದ ಹುಡುಗಿ. ನನ್ನ ಹತ್ರ ಒಂದು ಕಾರಣಾನೂ ಇಲ್ಲ. ಮನೇಲಿ ಅವಳು ಓಡಾಡ್ತಾ ಇದ್ರೆ ನಂಗೆ ಚೆನ್ನಾಗಿರುತ್ತೆ, ಅಷ್ಟೇ. ಅದನ್ನ ಕಾರಣ ಅಂತಾರಾ?"

ನಲ್ಲಿ ಬಿಟ್ಟು ಸದ್ದು ಮಾಡೋಣವೆಂದರೆ ನೀರು ಮೇಲೇರಲು ಕರೆಂಟಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಂದಾಗಿನಿಂದ ಈ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲವೆಂದು ಕೊರಗಿದ್ದೆ. ಅತ್ತೆಯೋ ಅಂಗಳದ ಆಚೆಯಿಂದ ಒಂದೊಂದು ಮಾತನ್ನೂ ಕಣ್ಣಲ್ಲೇ ಕೇಳಿಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ನನಗೆ ಚಹಾದ ಸನ್ನೆ ಮಾಡುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು ಒಂಟಿ ಹೆಂಗಸರು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ. ಸ್ಪರ್ಧೆಗಳಲ್ಲಿ ಎಂತೆಂಥ ವಾದಗಳನ್ನು ಮುರಿದಿದ್ದೇನೆ. 'ಚೆನ್ನಾಗಿರುತ್ತೆ, ಅಷ್ಟೇ' ಎನ್ನುವುದನ್ನು ಮಾತ್ರ ಮುರಿಯದೇ ಹಾಗೇ ಎತ್ತಿಟ್ಟುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಗೆ ಕೇಳದೇ ಇನ್ನೊಂದು ಸೌಟು ಬಡಿಸಿ, ತುಪ್ಪ ಹಾಕಿ, "ತಿನ್ನು ಕಣ್ಣು, ಬಿಸಿ ಆರೋಗುತ್ತೆ" ಎಂದು ತಮಿಳಿನ ಮುದ್ದುಮಾತಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಮಾವ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಜಗಲಿಯಲ್ಲಿ ಮತ್ತೆ ಆಟ ಹತ್ತಿತ್ತು. ನಾನು ದನಿ ಆದಷ್ಟು ತಗ್ಗಿಸಿದೆ. ಅತ್ತೆ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ತುಟಿಯನ್ನೇ ನೋಡಿದರು.

"ಯಾಕೆ ಅಂತ ಕೇಳೋದಿಲ್ಲ ಅತ್ತೆ, ಆಣೆ. ಹೇಳಿ, ನಾನು ಹೋಗಬೇಡವಾ?"