ನಿಧಾನಕ್ಕೆ ತಿರುಗಿದ ಪ್ಲೇಟು

ರೆಕಾರ್ಡನ್ನು ರೊಟ್ಟಿಯಂತೆ ಬೆರಳೂರಿ ಹಿಡಿಯಬಾರದು, ಎರಡು ಅಂಗೈಗಳ ನಡುವೆ ಅಂಚಿನಲ್ಲಷ್ಟೇ ಹಿಡಿಯಬೇಕು ಎಂದು ನನಗೆ ಕಲಿಸಿದವಳು ನನ್ನ ಹೆಂಡತಿ ಲೂಸಿ. ದಾಂಡೇಲಿಯ ಬಜಾರಿನಲ್ಲಿದ್ದ ರೆಕಾರ್ಡಿನ ಅಂಗಡಿ ಅವಳದು. ನಾನು ಕಾಗದದ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದು ಅಲ್ಲಿ ಕುಳಿತು ಚಹಾ ಕುಡಿಯುವವನು, ಅಷ್ಟೆ.

ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ಅವಳು ಕಪಾಟಿನ ಮುಂದಿನ ಸಾಲನ್ನು ರಾಕ್ ಸಂಗೀತಕ್ಕೆ ಬಿಟ್ಟಿದ್ದಳು. ಗೋವೆಯಲ್ಲೋ ಮುಂಬಯಿಯಲ್ಲೋ ನಾಲ್ಕು ಜನ ಗಿಟಾರು ಹಿಡಿದು, ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ದುಡ್ಡು ಕೂಡಿಸಿ ಮಾಡಿಸಿದ ಹೊಸ ರೆಕಾರ್ಡುಗಳು ಅವು. ಕಾಡಿನ ನಡುವಿನ ಈ ಊರಿನಲ್ಲಿ ಯಾರು ಕೊಂಡಾರು ಎಂದು ನಾನು ನಕ್ಕಿದ್ದೆ. ಜನ ಕೊಂಡರು. ಅದಕ್ಕೆ ಕಾರಣ ಅವಳದೊಂದು ಪದ್ಧತಿ. ಹೊಸ ರೆಕಾರ್ಡು ಬಂದರೆ ರವಿವಾರ ಮಧ್ಯಾಹ್ನ ಅದರ ಎರಡೂ ಬದಿ ಎಲ್ಲರ ಮುಂದೆ ಪೂರ್ತಿ ಮೊಳಗಬೇಕು. ಕೂತು ಕೇಳಿದವರಿಗೆ ಮಾತ್ರ ಮಾರಾಟ. ಹಾಡು ನಡೆಯುವಾಗ ಮಾತಿಲ್ಲ, ಬದಿ ತಿರುವುವಾಗ ಚಹಾ. ಯಾವ ರೆಕಾರ್ಡು ಮೇಲು ಎಂದು ಅವರು ಜಗಳವಾಡುವುದನ್ನು ಕೇಳಿದರೆ, ಮನೆಗೆ ತರುವ ಎತ್ತಿನ ಸುಳಿ ನೋಡುತ್ತಿದ್ದಾರೇನೋ ಎನ್ನಿಸಬೇಕು.

ಆ ಮಳೆಗಾಲದಲ್ಲಿ ಲೂಸಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ತಿಂಗಳೊಪ್ಪತ್ತು ಕಳೆದ ಮೇಲೆ, ಅವಳು ಬರೆದು ತರಿಸಿದ ಕೊನೆಯ ಪಾರ್ಸೆಲ್ಲು ಗೋವೆಯ ಬಸ್ಸಿನಲ್ಲಿ ಬಂತು. ಹೆಂಡದ ಬಾಟಲಿ ಇರಬಹುದೆಂದು ಗಡಿಯ ಅನಮೋಡದ ತಪಾಸಣೆ ನಾಕೆಯಲ್ಲಿ ಯಾರೋ ಪೆಟ್ಟಿಗೆಗೆ ಸರಳು ಚುಚ್ಚಿ ನೋಡಿದ್ದರು. ಪುಣ್ಯಕ್ಕೆ ಒಳಗಿದ್ದ ಹೊಸ ರೆಕಾರ್ಡಿನ ಆರೂ ಪ್ರತಿಗಳಿಗೆ ಏನೂ ಆಗಿರಲಿಲ್ಲ. ಇವನ್ನು ಅವಳ ಪದ್ಧತಿಯಂತೆಯೇ ಮಾರಿ ಅಂಗಡಿಯ ಬಾಗಿಲು ಹಾಕುವುದೆಂದು ನಿಶ್ಚಯಿಸಿದೆ.

ರವಿವಾರ ಹತ್ತು ಜನ ಬಂದರು. ಬಿದಿರಿನ ಲಾರಿ ತುಂಬುವ ಸಿದ್ದಿ ಜುಜೆ, ಎದುರಿನ ಗ್ಯಾರೇಜಿನ ರಫೀಕ್ ಎಂದಿನಂತೆ ಮುಂದೆ ಕೂತರು. ದೊಡ್ಡ ಪ್ಲೇಟಿಗೆ ನಿಮಿಷಕ್ಕೆ ಮೂವತ್ತಮೂರು ಸುತ್ತು, ಸಣ್ಣದಕ್ಕೆ ನಲವತ್ತೈದು. ತಿರುಗುವ ವೇಗದ ಬಗ್ಗೆ ಲೂಸಿ ನನಗೆ ಹೇಳಿದ್ದು ಇಷ್ಟೇ. ಇದು ದೊಡ್ಡದಿತ್ತು. ಗುಂಡಿಯನ್ನು ಮೂವತ್ತಮೂರಕ್ಕೆ ತಿರುವಿ ಮುಳ್ಳು ಇಟ್ಟೆ. ಭಾರವಾದ ಗಂಟಲಿನಲ್ಲಿ, ಒಂದೊಂದು ಅಕ್ಷರವನ್ನೂ ಎಳೆದೆಳೆದು, ಆಷಾಢದ ಹೊಳೆಯಂತೆ ಹಾಡು ಹೊರಟಿತು. ಇಷ್ಟು ವರ್ಷ ನನಗೆ ಬರೀ ಗದ್ದಲವಾಗಿದ್ದ ರಾಕ್ ಅಂದು ಮೊದಲ ಸಲ ಅರ್ಥವಾಯಿತು. ಕಣ್ಣು ಮುಚ್ಚಿ, ಎರಡೂ ಬದಿ ಮುಗಿಯುವವರೆಗೆ ತಲೆದೂಗಿದೆ. ಯಾರೂ ಉಸಿರೆತ್ತಲಿಲ್ಲ. ಜುಜೆ, ರಫೀಕ್ ಒಂದೊಂದು ಕೊಂಡು ಹೋದರು.

ಮರುದಿನ ಸಂಜೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ಕಾಕಾ, ನಿನ್ನೆ ಈ ಪ್ಲೇಟು ಹೆಣದ ಹಿಂದ ನಡದಂಗ ನಡದಿತ್ರಿ. ಮನ್ಯಾಗ ಹಚ್ಚಿದ್ರ ನಮ್ಮವ್ವ ಸುದ್ದಾ ಎದ್ದು ಕುಣದ್ಲು!" ಎಂದ ಜುಜೆ.

"ದೊಡ್ಡದಾದ್ರೂ ಇದು ನಲವತ್ತೈದರ ಪ್ಲೇಟ್ರಿ. ನಡುವಿನ ಚೀಟಿ ಮ್ಯಾಲ ಬರದೈತಿ, ನೋಡ್ರಿ," ಎಂದ ರಫೀಕ್.

"ನಿನ್ನೇನ ಗೊತ್ತಾಗಿತ್ತೇನು ನಿಮಗ?"

ರಫೀಕ್ ನೆಲ ನೋಡಿದ. "ಮೊದಲನೇ ಹಾಡಿನ್ಯಾಗ ಗೊತ್ತಾತ್ರಿ."

"ಮತ್ತ ಬಾಯಿಗೆ ಏನಾಗಿತ್ತು?"

"ನಾ ಗುಂಡಿ ತಿರುವಾಕ ಎದ್ದಿದ್ದೆ," ಎಂದ ಜುಜೆ, "ಈ ಮೆಕ್ಯಾನಿಕ್ ಅಂಗಿ ಜಗ್ಗಿ ಕುಂದ್ರಿಸಿದ."

"ಕಾಕು ಹೋದ ಮ್ಯಾಲ ನಿಮ್ಮ ಮಾರಿ ಮ್ಯಾಲ ಸಮಾಧಾನ ಕಂಡಿದ್ದು ನಿನ್ನೆ ಒಂದ ದಿನ. ಹೆಂಗ ಕೆಡಸೂದ್ರಿ?" ಎಂದ ರಫೀಕ್.

ನಾನು ಗುಂಡಿಯನ್ನು ನಲವತ್ತೈದಕ್ಕೆ ತಿರುವಿ ಅದೇ ಹಾಡು ಹಾಕಿದೆ. ಕಟ್ಟು ಬಿಚ್ಚಿದ ಕರುವಿನಂತೆ ಅದು ಅಂಗಡಿಯ ತುಂಬ ನೆಗೆಯಿತು. ಹಾಸಿಗೆ ಹಿಡಿಯುವ ಮುನ್ನ ನನ್ನ ಲೂಸಿ ಊರಿಗೆಂದು ತರಿಸಿದ್ದು ಈ ಕುಣಿತವನ್ನು. ನಾನು ಅದನ್ನು ಎಳೆದು ಎಳೆದು ಅಳು ಮಾಡಿಕೊಂಡಿದ್ದೆ. ಹಾಗೆಂದು ಹಿಂದಿನ ದಿನ ಕೇಳಿದ್ದೂ ಸುಳ್ಳೆನಿಸಲಿಲ್ಲ. ಅವಳು ತರಿಸಿಯೂ ಅವರು ಸುಮ್ಮನಿದ್ದೂ ನನಗೆ ಕೊಟ್ಟದ್ದೇ ಅಲ್ಲವೆ ಅದು?

ನೀವೂ ಕಂಡಿರಬಹುದು, ಮನೆಯಲ್ಲಿ ಸಾವಾದವನ ತಪ್ಪನ್ನು ಯಾರೂ ಎತ್ತಿ ಆಡುವುದಿಲ್ಲ. ಗಿರಣಿಗೆ ತಡವಾಗಿ ಹೋದರೂ ಮುಕಾದಮ ಬೈಯುವುದಿಲ್ಲ, ಅಂಗಿಯ ಗುಂಡಿ ಮೇಲೆ ಕೆಳಗಾದರೂ ನೆರೆಯವರು ನಗುವುದಿಲ್ಲ. ದೊಡ್ಡ ಕರುಣೆಯೇ ಅದು. ಆದರೆ ಆ ಕರುಣೆಯಲ್ಲಿ ಮನುಷ್ಯ ಕನ್ನಡಿಯಿಲ್ಲದ ಮನೆಯಲ್ಲಿದ್ದಂತೆ ಇರುತ್ತಾನೆ. ಲೂಸಿಯಾಗಿದ್ದರೆ ಆ ಮೊದಲ ಹಾಡಿಗೇ ತಲೆಗೊಂದು ಮೊಟಕುತ್ತಿದ್ದಳು.

"ಇನ್ನ ಮ್ಯಾಲ ನಾ ತಪ್ಪಿದ್ರ ಹೇಳ್ರಿ," ಎಂದೆ. "ನೀವು ಹಿಂಗ ಸುಮ್ಮ ಕುಂತ್ರ ನಾ ಅಂಗಡಿ ಬಂದ್ ಮಾಡಾಂವ."

"ಹಂಗಾರ ಕೇಳ್ರಿ ಕಾಕಾ," ಎಂದ ಜುಜೆ, "ನಿಮ್ಮ ಚಾ ನಾಯಿ ಸುದ್ದಾ ಕುಡಿಯೂದಿಲ್ಲ!"

ಲೂಸಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಹಾಡು ಮುಗಿದ ಮೇಲೆ ಒಂದು ಅಂಚೆ ಕಾರ್ಡು ತೆಗೆದು, ಹೊಸ ರೆಕಾರ್ಡು ಬಂದರೆ ಕಳಿಸಿರೆಂದು ಗೋವೆಗೆ ಬರೆಯತೊಡಗಿದೆ. ರಫೀಕ್ ಹೆಗಲ ಮೇಲಿಂದ ಬಗ್ಗಿ ನೋಡಿದ.

"ವಿಳಾಸ ತಪ್ಪಾತ್ರಿ, ಕಾಕಾ," ಎಂದ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ.