ಮೈದಾನದಲ್ಲೇ ಉಳಿದ ಕಾರು

ನನ್ನ ಅಕ್ಕನ ಗಂಡ ಸಿಡ್ನಿಯಲ್ಲಿ ವಿಮೆ ಮಾರುತ್ತಿದ್ದ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅವನು ಬದುಕಿದ್ದಾಗಲೇ ನಾನು ಆಡುತ್ತಿದ್ದೆ, ಈಗ ನಿಲ್ಲಿಸಿದರೆ ಬರೀ ನಾಟಕವಾಗುತ್ತದೆ. ಎದುರಿಗೆ ಮಾತ್ರ ‘ರೀ’ ಹಚ್ಚಿ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಹಂಗಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಧಾರವಾಡದಲ್ಲಿ ನಮ್ಮವ್ವ ಯಾರಿಗಾಗಿ ಹೇಳುತ್ತಿದ್ದಳೋ ಗೊತ್ತಿಲ್ಲ. ಅದರ ಅರ್ಥ ನನಗೆ ತಿಳಿದದ್ದು ಭಾವನನ್ನು ನೋಡಿದ ಮೇಲೆ. ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಕೊತ್ತಂಬರಿ ತರಲು ಹೋದರೆ ಅರ್ಧ ದಿನ ಹಾಳು. ಅಂಗಡಿಯವನ ಮಗಳ ಪರೀಕ್ಷೆ, ದೋಸೆ ಹಾಕುವವನ ಪಿಆರ್ ವೀಸಾ, ಮಿಠಾಯಿಯವನ ಸೊಂಟನೋವು ಎಲ್ಲವನ್ನೂ ವಿಚಾರಿಸಿ ಮುಗಿಸುವಷ್ಟರಲ್ಲಿ ಅಕ್ಕನ ಕೈಯಲ್ಲಿದ್ದ ಸೊಪ್ಪು ಬಾಡಿರುತ್ತಿತ್ತು. ಯಾರದೇ ಗೃಹಪ್ರವೇಶವಿರಲಿ, ಪುರೋಹಿತರಿಗಿಂತ ಮೊದಲು ಇವನು ಹಾಜರು. ಹೊಸ ಮನೆ ಎಂದರೆ ಹೊಸ ಮಾರ್ಟ್‌ಗೇಜ್, ಮಾರ್ಟ್‌ಗೇಜ್ ಎಂದರೆ ಹೊಸ ಪಾಲಿಸಿ. ಸಾವು ಎಂಬ ಶಬ್ದವನ್ನು ಮಾತ್ರ ಅಪ್ಪಿತಪ್ಪಿಯೂ ಆಡುತ್ತಿರಲಿಲ್ಲ.

“ನಾಳೆ ಏನರ ಹೆಚ್ಚು ಕಡಿಮಿ ಆತಂದ್ರ ನಿಮ್ಮ ಮನಿಯವ್ರು ಯಾರ ಮುಂದೂ ಕೈ ಚಾಚಬಾರ್ದು ನೋಡ್ರಿ. ಯಾಕ ಚಿಂತಿ ಮಾಡ್ತೀರಿ, ನಾ ಇದ್ದೀನಲ್ಲಾ!” ಇಷ್ಟು ಹೇಳಿ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಶನಿವಾರ ಬಂದರೆ ಕ್ರಿಕೆಟ್. ಆಡಲು ಹೊಟ್ಟೆ ಬಿಡುತ್ತಿರಲಿಲ್ಲವಾದ್ದರಿಂದ ಅಂಪೈರ್ ಆಗಿ ನಿಲ್ಲುತ್ತಿದ್ದ. ಪಾಲಿಸಿ ಮಾಡಿಸುವ ಯೋಚನೆಯಲ್ಲಿದ್ದವನ ಕಾಲಿಗೆ ಚೆಂಡು ಎಲ್ಲಿ ಬಡಿದರೂ ಇವನ ಬೆರಳು ಮೇಲೇಳುತ್ತಿರಲಿಲ್ಲ. ಪಾಲಿಸಿ ಆದ ಮರುವಾರದಿಂದ ಏಳುತ್ತಿತ್ತು. ಹುಡುಗರೇನು ದಡ್ಡರೇ? ಕೆಲವರು ವರ್ಷಗಟ್ಟಲೆ ಯೋಚನೆ ಮಾಡುತ್ತಲೇ ಬ್ಯಾಟ್ ಬೀಸಿದರು.

ಅವನ ಕಾರಿನಲ್ಲಿ ಟೀಮಿನ ಚೀಲಗಳು ಹೋಗುತ್ತಿದ್ದವು, ಏರ್‌ಪೋರ್ಟಿನಿಂದ ಯಾರದೋ ಅತ್ತೆಮಾವ ಬರುತ್ತಿದ್ದರು. ಅಕ್ಕನಿಗೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕೆಂದರೂ ಅವನ ಬಿಡುವಿಗೆ ಕಾಯಬೇಕು. ಮನೆಯಿಂದ ಸ್ಟೇಷನ್ ದೂರ, ಬಸ್ಸು ಬಂದರೆ ಬಂತು. ಚೈಲ್ಡ್‌ಕೇರ್ ಒಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದ್ದನ್ನೂ ಹೋಗಿಬರಲು ಆಗದೆ ಬಿಟ್ಟಳು. ನಾನು ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ದಿನಾ ಫ್ರೀವೇಯಲ್ಲಿ ಕಾರು ಓಡಿಸಿ ಕೆಲಸಕ್ಕೆ ಹೋಗುವವಳು. “ಭಾವ, ಅಕ್ಕಗ ಡ್ರೈವಿಂಗ್ ಕಲಸ್ರಿ” ಎಂದು ಹೋದಾಗಲೆಲ್ಲ ಹೇಳುತ್ತಿದ್ದೆ.

“ಆಕಿಗ್ಯಾಕ ಆ ತ್ರಾಸ? ನಾ ಇದ್ದೀನಲ್ಲಾ!”

ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

ಹೋದ ಬೇಸಿಗೆಯ ಒಂದು ಶನಿವಾರ ಭಾವ ಮೈದಾನದಲ್ಲೇ ಎದೆ ಹಿಡಿದು ಕುಸಿದ. ಬ್ಯಾಟ್ ಮಾಡುತ್ತಿದ್ದವನು ಅದನ್ನು ಯಾವುದೋ ಹೊಸ ಸಿಗ್ನಲ್ ಅಂದುಕೊಂಡನಂತೆ. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನಾನು ವಿಮಾನ ಹಿಡಿದು ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ‘ಅಂಕಲ್ ಇಲ್ಲದಿದ್ದರೆ ನಾವು ಏನಾಗುತ್ತಿದ್ದೆವೋ’ ಎಂಬ ರಾಗ. ಒಂದು ಮಾತು ಒಪ್ಪಬೇಕು. ಅವನ ಸ್ವಂತ ಪಾಲಿಸಿ ಸರಿಯಾಗಿತ್ತು. ಹಣಕ್ಕಾಗಿ ಅಕ್ಕ ಯಾರ ಮುಂದೂ ಕೈ ಚಾಚಬೇಕಿರಲಿಲ್ಲ. ಹಾಲು ತರಲು ಚಾಚಬೇಕಿತ್ತು.

ಕಾರು ಮೈದಾನದಲ್ಲೇ ಉಳಿದಿತ್ತು. “ಆಂಟಿ, ಕಾರ್ ಬಗ್ಗೆ ವರಿ ಮಾಡ್ಬೇಡಿ, ನಾವ್ ತಂದ್ಬಿಡ್ತೀವಿ” ಎಂದು ಟೀಮಿನ ಕ್ಯಾಪ್ಟನ್ ಕಣ್ಣೊರೆಸಿಕೊಂಡು ಹೇಳಿದ್ದ. ವಾರ ಕಳೆದರೂ ಸುಳಿವಿಲ್ಲ. ನಾನೇ ಫೋನ್ ಮಾಡಿದೆ. “ಈ ವೀಕೆಂಡ್ ಸ್ವಲ್ಪ ಕಷ್ಟ ಆಂಟಿ, ಸೆಮಿಫೈನಲ್ ಇದೆ” ಎಂದ. ಭಾವ ಕಟ್ಟಿಕೊಂಡ ಬಳಗ ಇದು. ಚಪ್ಪಲಿ ರಾಶಿ ಕರಗಿದ ಮೇಲೂ ಬಾಗಿಲು ತಟ್ಟುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ಮಂಗಳೂರಿನ ನರ್ಸ್. ಮನೆಯಲ್ಲಿ ಕೊಂಕಣಿ ಮಾತಾಡುವ ಆಕೆ ಭಾವನಿಂದ ಎಂದೂ ಪಾಲಿಸಿ ಕೊಂಡವಳಲ್ಲ.

ನಾನು ಅಕ್ಕನನ್ನು ಪಾಯಿಂಟ್ ಕುಕ್‌ಗೆ ಕರೆದೊಯ್ಯುವುದೆಂದು ತೀರ್ಮಾನಿಸಿದ್ದೆ. “ನಾ ಈ ಮನಿ ಬಿಟ್ಟು ಬರಂಗಿಲ್ಲ” ಎಂದಳು.

“ಕಾರ್ ಇಲ್ದಂಗ ಈ ಸಬರ್ಬಿನ್ಯಾಗ ಒಬ್ಬಾಕಿ ಹೆಂಗ ಇರ್ತಿ? ಯಾರ ಬರ್ತಾರ ನಿನ್ನ ಕರ್ಕೊಂಡು ಹೋಗಾಕ?”

ಶನಿವಾರ ಬೆಳಿಗ್ಗೆ ತಾನೇ ಸೀರೆ ಬದಲಿಸಿ ಬಂದು, “ನಡಿ, ಕಾರ್ ತರೂಣು” ಎಂದಳು. ನರ್ಸ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಮ್ಮನ್ನು ಮೈದಾನದ ಬಳಿ ಇಳಿಸಿ, “ಮಿರರ್ ನೋಡಿ ಆಯ್ತಾ, ಗಡಿಬಿಡಿ ಬೇಡ” ಎಂದಳು. ಓಡಿಸುವವಳು ನಾನೇ ಎಂದುಕೊಂಡು ತಲೆಯಾಡಿಸಿದೆ.

ಆಟ ನಡೆದೇ ಇತ್ತು. ಅಂಪೈರ್ ಜಾಗದಲ್ಲಿ ಇನ್ನಾರೋ ನಿಂತಿದ್ದರು. ಕಾರು ನೀಲಗಿರಿ ಮರದ ಕೆಳಗೆ ಎಲೆ, ಹಕ್ಕಿಯ ಹಿಕ್ಕೆ ಮೆತ್ತಿಕೊಂಡು ನಿಂತಿತ್ತು. ನಾನು ಕೀಲಿಗಾಗಿ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ಡ್ರೈವರ್ ಸೀಟಿನಲ್ಲಿ ತಾನೇ ಕೂತಳು, ಭಾವನ ಉದ್ದ ಕಾಲಿಗೆ ಹಿಂದೆ ಸರಿಸಿದ್ದ ಸೀಟನ್ನು ಮುಂದಕ್ಕೆಳೆದಳು, ಕನ್ನಡಿ ತಗ್ಗಿಸಿದಳು.

ಬೌಂಡರಿ ಬಳಿಯಿಂದ ಕ್ಯಾಪ್ಟನ್ ಓಡಿ ಬಂದ. “ಆಂಟಿ, ಇರಿ ಇರಿ! ಇದೊಂದ್ ಓವರ್ ಆಗ್ಲಿ, ನಾನೇ ಬರ್ತೀನಿ.”

“ನೀ ಆಡಪಾ” ಎಂದಳು ಅಕ್ಕ. ಕಾರನ್ನು ನಿಧಾನವಾಗಿ ಹಿಂದಕ್ಕೆ ತೆಗೆದು, ಇಂಡಿಕೇಟರ್ ಹಾಕಿ, ರಸ್ತೆಗೆ ಬಂದಳು. ನನ್ನ ಬಾಯಿ ತೆರೆದೇ ಇತ್ತು.

“ಯಾವಾಗ ಕಲ್ತೀ?”

“ಶನಿವಾರ ಅವರು ಮನ್ಯಾಗ ಎಲ್ಲಿರ್ತಿದ್ರು? ಬಾಜೂ ಮನಿ ನರ್ಸ್ ತಮ್ಮ ಕಾರಿನ್ಯಾಗ ಕಲಿಸಿದ್ರು. ಲೈಸೆನ್ಸ್ ಸಿಕ್ಕಿದ್ದು ಆ ಶುಕ್ರವಾರ.”

ಯಾವ ಶುಕ್ರವಾರ ಎಂದು ಕೇಳಬೇಕಾಗಲಿಲ್ಲ. “ಭಾವಗ ಹೇಳಿದ್ದಿಯೇನು?” ಎಂದೆ.

ಸಿಗ್ನಲ್ ಕೆಂಪಾಯಿತು. ಅಕ್ಕ ಸರಿಯಾದ ಜಾಗದಲ್ಲಿ ನಿಲ್ಲಿಸಿದಳು.

“ಮರುದಿನ ಸಿಹಿಗಂತ ಅಕ್ಕಿ ಹುಗ್ಗಿ ಮಾಡಿಟ್ಟಿದ್ದೆ. ಗ್ರೌಂಡಿಂದ ಬಂದ ಮ್ಯಾಲೆ ಹೇಳೂಣು ಅಂದ್ಕೊಂಡಿದ್ದೆ.”

ಆ ಮನುಷ್ಯನನ್ನು ಬೈಯಲು ನನ್ನಲ್ಲಿ ಇನ್ನೂ ಬಹಳ ಬಾಕಿ ಇತ್ತು, ಈಗಲೂ ಇದೆ. ಆದರೆ ಅಕ್ಕನ ಕಣ್ಣು ತುಂಬಿತ್ತು, ಹಸಿರು ದೀಪ ಬಂದಿತ್ತು. ಅವಳಿಗೆ ರಸ್ತೆ ಕಾಣಬೇಕಲ್ಲ ಎಂದು ಸುಮ್ಮನೆ ಕೂತೆ.