ಮುದಿ ಲ್ಯಾಪ್‌ಟಾಪಿಗೆ ಅರಗಿದ ಕಾರ್ಡು

ನನ್ನ ಪಕ್ಕದ ಅಂಗಡಿಯವಳ ಅಜ್ಜ ಜೆನ್ ತ್ಯೆನ್-ಲೈ ಯುದ್ಧ ಮುಗಿದ ಕಾಲಕ್ಕೆ ಗುಜರಿ ತಂತಿ ಬಿಚ್ಚಿ ರೇಡಿಯೊ ಕಟ್ಟಿದವನು. ಅವನ ರೇಡಿಯೊದಲ್ಲಿ ಗಾಳಿಮಳೆಯ ಸುದ್ದಿ ಕೇಳಿ ತೈಪೆಯ ಎಷ್ಟೋ ಮನೆಗಳು ಕಿಟಕಿ ಬಿಗಿದುಕೊಂಡವು. ಅಪ್ಪ ಜೆನ್ ಮು-ಹೊ ಗ್ವಾಂಗ್‌ಹುವಾ ಸೇತುವೆಯ ಕೆಳಗೆ ಬಿಡಿಭಾಗದ ಅಂಗಡಿ ಇಟ್ಟವನು. ಒಮ್ಮೆ ನೆರೆ ನುಗ್ಗಿದಾಗ ತನ್ನ ಸರಕು ತೇಲಿಹೋಗಲಿ ಎಂದು ಬಿಟ್ಟು, ಪಕ್ಕದ ಮುದುಕಿಯ ಹಳೆ ಪುಸ್ತಕಗಳನ್ನು ತಲೆ ಮೇಲೆ ಹೊತ್ತು ದಾಟಿಸಿದ ಪುಣ್ಯಾತ್ಮ. ಅವನ ಮಗಳು ಸು-ಯುನ್. ಸೇತುವೆ ಕೆಡವಿದ ಮೇಲೆ ಅವಳು ಹಿಂದಿನ ಓಣಿಯಲ್ಲಿ ಗೂಡಂಗಡಿ ಹಿಡಿದಳು. ಅದಕ್ಕೆ ಗೋಡೆ ಅಂಟಿಸಿಕೊಂಡು ಕೋ ಎಂಬ ನನ್ನದೊಂದು ಅಂಗಡಿ ಇದೆ, ಕರೆಂಟು ಅಳೆಯುವ ಹಳೆ ಮೀಟರುಗಳದು. ಅವಳ ಕೆಮ್ಮು ಕೇಳಿಯೇ ಆ ದಿನದ ಕೆಲಸ ಹದಕ್ಕೆ ಬಂತೋ ಇಲ್ಲವೋ ಹೇಳಬಲ್ಲೆ.

ಅವಳ ಕಸುಬು ಇಷ್ಟೇ: ಮುದಿ ಲ್ಯಾಪ್‌ಟಾಪುಗಳ ಸವೆದ ಡಿಸ್ಕು ಕಿತ್ತು, ಅದರ ಗೂಡಿನಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡು ಕೂರಿಸುವುದು. ಬಾಯಲ್ಲಿ ಹೇಳಲು ಸಲೀಸು. ಮುದಿ ಯಂತ್ರಕ್ಕೆ ಈಗಿನ ದೊಡ್ಡ ಕಾರ್ಡು ಕೊಟ್ಟರೆ, ಹಲ್ಲಿಲ್ಲದ ಬಾಯಿಗೆ ಕಬ್ಬು ಕೊಟ್ಟಂತೆ. ಹಾಗಾಗಿ ಯಾರೂ ಕೇಳದ ಚಿಕ್ಕ ಕಾರ್ಡುಗಳನ್ನೇ ಆಯ್ದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದಾಳೆ.

ಒಂದು ಬೆಳಗ್ಗೆ ಶೆತೌ ಊರಿನ ತ್ಸೈ-ಫೆಂಗ್ ಎಂಬ ಹೆಂಗಸು ಟವೆಲಿನಲ್ಲಿ ಕೂಸಿನಂತೆ ಸುತ್ತಿದ ಲ್ಯಾಪ್‌ಟಾಪ್ ತಂದಳು. ಅವಳದು ಕಾಲುಚೀಲ ನೇಯುವ ಮನೆತನ. ಮನೆಯ ಹಳೆ ನೇಯುವ ಯಂತ್ರ ಈ ಒಂದು ಲ್ಯಾಪ್‌ಟಾಪಿನ ಮಾತು ಬಿಟ್ಟು ಬೇರೆಯವರ ಮಾತು ಕೇಳದು. ಸ್ವಿಚ್ ಒತ್ತಿದರೆ ಡಿಸ್ಕು ಕಲ್ಲು ಕಡಿದ ಗಿರಣಿಯಂತೆ ಕರಕರ ಎಂದಿತು.

"ನಾಳೆ ಸಂಜೆ ಗುಜರಿಯವನು ಬರ್ತಾನೆ ಅಕ್ಕಾ," ಎಂದಳು ತ್ಸೈ-ಫೆಂಗ್. "ಅಷ್ಟರಲ್ಲಿ ಯಂತ್ರ ಓಡದಿದ್ರೆ ತೂಕಕ್ಕೆ ಹಾಕ್ತೀನಿ ಅಂತ ಮೈದುನ ಹಟ ಹಿಡಿದವ್ನೆ. ನಮ್ಮತ್ತೆ ಹಾಕಿದ ನಮೂನೆಗಳೆಲ್ಲ ಇದರ ಹೊಟ್ಟೇಲೇ ಇರೋದು."

"ಅಳಬ್ಯಾಡ, ಲ್ಯಾಪ್‌ಟಾಪಿಗೆ ನೀರು ಆಗಲ್ಲ," ಎಂದಳು ಸು-ಯುನ್.

ಡಿಸ್ಕು ಪೂರ್ತಿ ಸಾಯುವ ಮೊದಲೇ ಅದರೊಳಗಿನದ್ದನ್ನು ತನ್ನ ಹೊಸ ಕಂಪ್ಯೂಟರಿಗೆ ಇಳಿಸಿಕೊಂಡಳು. ಅದೇ ಕಂಪ್ಯೂಟರಿನಲ್ಲಿ ಚಿಕ್ಕ ಕಾರ್ಡೊಂದನ್ನು ಫಾರ್ಮ್ಯಾಟ್ ಹೊಡೆದು ಹದ ಮಾಡಿ, ಎಲ್ಲವನ್ನೂ ತುಂಬಿ, ಲ್ಯಾಪ್‌ಟಾಪಿನ ಗೂಡಿಗೆ ತಳ್ಳಿದಳು. ಪರದೆ ಬೆಳಗಿತು, ಕಾರ್ಡು ಇದೆ, ಆದರೆ ಅದರಿಂದ ಎದ್ದೇಳಲಾರೆ ಎಂದಿತು. ಬೇರೆ ಕಾರ್ಡು ಹಾಕಿದಳು, ಅದೇ ರಾಗ. ಮಧ್ಯಾಹ್ನದ ಅನ್ನದ ಡಬ್ಬಿ ಮುಚ್ಚಿದಂತೆಯೇ ಆರಿತು.

ಆಗ ನನ್ನ ಕಣ್ಣು ಲ್ಯಾಪ್‌ಟಾಪಿನ ಬದಿಗೆ ಹೋಯಿತು. ಅಲ್ಲಿ ಹಸಿರು ಪೊಟ್ಟಣವಿರಲಿಲ್ಲ! ನಮ್ಮಲ್ಲಿ ಆಸ್ಪತ್ರೆಯ ಯಂತ್ರದಿಂದ ಹಿಡಿದು ರೈಲು ಚೀಟಿಯ ಯಂತ್ರದವರೆಗೆ ಪಕ್ಕದಲ್ಲೊಂದು ಮೆಕ್ಕೆಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿರುತ್ತಾರೆ. ಅದರ ಹೆಸರೇ 'ಜಾಣಮರಿ' ಎಂಬಂತಿದೆ. ಅದು ಪಕ್ಕದಲ್ಲಿದ್ದರೆ ಯಂತ್ರ ರಚ್ಚೆ ಹಿಡಿಯದು. ನಾನು ಓಡಿಹೋಗಿ ನನ್ನ ಮೀಟರಿನ ಮೇಲಿದ್ದ ಪೊಟ್ಟಣವನ್ನೇ ತಂದು ಇಟ್ಟೆ.

"ತಾರೀಕು ನೋಡಿದ್ಯಾ ಕೋ ಅಣ್ಣ? ನಿನ್ನ ಹಾಗೇ ಮುಗಿದುಹೋಗಿರ್ಬೇಕು," ಎಂದಳು ಸು-ಯುನ್, ತಲೆ ಎತ್ತದೆ.

"ಇನ್ನೂ ಗಟ್ಟಿ ಐತೆ, ನನ್ನ ಹಾಗೇ. ನನ್ನ ಮೀಟರು ಒಂದು ದಿನ ಸುಳ್ಳು ಹೇಳಿಲ್ಲ ಗೊತ್ತಾ?"

"ಅಯ್ಯೋ, ನಿನ್ನ ಮೀಟರನ್ನ ಸಾಕಿದ ಪೊಟ್ಟಣ ಇದಕ್ಕೆ ಹೆಂಗೆ ನಡೀತದೆ? ಯಾವ ಯಂತ್ರಕ್ಕೆ ಇಟ್ಟಿದ್ದೋ ಅದಕ್ಕೇ. ಇಷ್ಟು ವರ್ಷ ಓಣೀಲಿ ಕೂತು ಅದೂ ಕಲೀಲಿಲ್ವಾ? ಇನ್ನೊಬ್ಬರ ಮನೇಲಿ ಪಳಗಿದ್ದು..."

ಕೈಯಲ್ಲಿದ್ದ ಕಾರ್ಡನ್ನು ನೋಡಿದಳು, ಹೊಸ ಕಂಪ್ಯೂಟರನ್ನು ನೋಡಿದಳು. ಒಮ್ಮೆ ಕೆಮ್ಮಿದಳು. ಹದಕ್ಕೆ ಬಂತು ಎಂದು ನನಗೆ ಅಲ್ಲೇ ಗೊತ್ತಾಯಿತು.

"ಥೂ, ನನ್ನ ಬುದ್ಧಿಗಿಷ್ಟು! ಕಾರ್ಡನ್ನ ಹೊಸದರಲ್ಲಿ ಹದ ಮಾಡಿ ಹಳೇದಕ್ಕೆ ಹಾಕಿದ್ನಲ್ಲ. ಇದರ ಲೆಕ್ಕಾಚಾರವೇ ಬೇರೆ, ಅದರ ಲೆಕ್ಕಾಚಾರವೇ ಬೇರೆ."

ಹೊಸ ಕಂಪ್ಯೂಟರು ಕಾರ್ಡನ್ನು ಒಂದು ಬಗೆಯಲ್ಲಿ ಪಾಲು ಮಾಡಿ ಗೆರೆ ಎಳೆಯುತ್ತದೆ. ಮುದಿ ಲ್ಯಾಪ್‌ಟಾಪು ಇನ್ನೊಂದು ಬಗೆಯಲ್ಲಿ ಅಳೆದು, ಬಾಗಿಲು ಇರಬೇಕಾದಲ್ಲಿ ಗೋಡೆ ಕಂಡು ಮುಖ ತಿರುಗಿಸುತ್ತದೆ. ಸು-ಯುನ್ ಖಾಲಿ ಕಾರ್ಡನ್ನು ಲ್ಯಾಪ್‌ಟಾಪಿಗೇ ಹಾಕಿ, ಹಳೆ ಫ್ಲಾಪಿಯಿಂದ ಅದನ್ನು ಎಬ್ಬಿಸಿ, ಅದರ ಕೈಯಲ್ಲೇ ಗೆರೆ ಎಳೆಸಿದಳು. ಆಮೇಲೆ ಕಾರ್ಡನ್ನು ಹೊರತೆಗೆದು ನಮೂನೆಗಳನ್ನು ತುಂಬಿ ಮತ್ತೆ ಗೂಡು ಸೇರಿಸಿದಳು. ಅಷ್ಟರಲ್ಲಿ ತ್ಸೈ-ಫೆಂಗ್ ಮೂಲೆ ಅಂಗಡಿಯಿಂದ ಹೊಸ ಹಸಿರು ಪೊಟ್ಟಣವನ್ನೇ ತಂದಿದ್ದಳು. ಕೆಲಸವಾದದ್ದು ಗೆರೆಯಿಂದಲೋ ಪೊಟ್ಟಣದಿಂದಲೋ ಎಂದು ಓಣಿಯಲ್ಲಿ ಇವತ್ತಿಗೂ ಜಗಳವಿದೆ.

ಕರಕರ ಇಲ್ಲ, ಗೊರಗೊರ ಇಲ್ಲ. ಸದ್ದೇ ಇಲ್ಲದೆ ಪರದೆಯ ಮೇಲೆ ಅತ್ತೆಯ ನಮೂನೆ ಮೂಡಿತು: ಚುಕ್ಕಿ ಚುಕ್ಕಿಯ ಬಾತುಕೋಳಿಗಳ ಸಾಲು.

"ನಮ್ಮ ಬಾತುಕೋಳಿ!" ಎಂದು ತ್ಸೈ-ಫೆಂಗ್ ಪರದೆಯನ್ನು ಸವರಿದಳು. "ಆದ್ರೆ ಇದನ್ನ ಯಂತ್ರಕ್ಕೆ ಜೋಡಿಸೋಕೆ ನಂಗೆ ಬರಲ್ಲ ಅಕ್ಕಾ."

"ಜೋಡಿಸೋವರೆಗೂ ಅರ್ಧ ಕೆಲಸಾನೇ. ನಡಿ," ಎಂದು ಸು-ಯುನ್ ಬಾಗಿಲು ಎಳೆದಳು.

ಇದನ್ನು ಬರೆಯುವಾಗ ನನ್ನ ಕಾಲುಚೀಲದ ಮೇಲೆ ಆ ಬಾತುಕೋಳಿಗಳೇ ಸಾಲುಗಟ್ಟಿ ನಡೆಯುತ್ತಿವೆ. ಮರುದಿನ ಗುಜರಿಯವನು ಚಹಾ ಕುಡಿದು ಖಾಲಿ ಗಾಡಿ ತಿರುಗಿಸಿಕೊಂಡು ಹೋದನಂತೆ. ಅದಾದ ಮೇಲೆ ಶೆತೌ ಕಡೆಯಿಂದ ಟವೆಲಿನ ಗಂಟುಗಳು ಒಂದಾದ ಮೇಲೊಂದು ಬರುತ್ತಲೇ ಇವೆ.

ಅವತ್ತು ಹೊರಡುವಾಗ ಸು-ಯುನ್‌ಳ ಒಂದು ಕೈಯಲ್ಲಿ ಉಪಕರಣದ ಪೆಟ್ಟಿಗೆ, ಇನ್ನೊಂದರಲ್ಲಿ ತಂತಿಯ ಚೀಲ. ನಡು ನೋವಿನವಳು. ಕಂಡು ತಡೆಯಲಾಗಲಿಲ್ಲ. "ಪೆಟ್ಟಿಗೆ ಕೊಡು, ಶೆತೌವರೆಗೂ ನಾನೇ ಹೊತ್ಕೊಂಡು ಬರ್ತೀನಿ," ಎಂದೆ.

"ಬ್ಯಾಡ ಕಣಣ್ಣ, ನನ್ನ ಪೆಟ್ಟಿಗೆ ನಂಗೆ ಭಾರ ಅಲ್ಲ. ನೀನು ರೈಲ್ವೆ ಸ್ಟೇಷನ್‌ವರೆಗೆ ಹೊತ್ರೂ ಸಾಕು, ನಾಳೆ ಆ ಲ್ಯಾಪ್‌ಟಾಪನ್ನ ನಾನೇ ಬದುಕಿಸ್ದೆ ಅಂತ ಓಣೀಲೆಲ್ಲ ಡಂಗುರ ಹೊಡೀತೀಯ. ಹೋಗು, ನಿನ್ನ ಪೊಟ್ಟಣ ತಗೊಂಡೋಗಿ ನಿನ್ನ ಮೀಟರಿನ ಮೇಲೇ ಇಡು."